ಬಸರಿಗಟ್ಟಿಗೆ ಒಬ್ಬಳೇ ಡಾಕ್ಟರು

ವಿದ್ಯಾಶ್ರೀ ಬಸರಿಗಟ್ಟಿಯ ಆರೋಗ್ಯ ಕೇಂದ್ರಕ್ಕೆ ಬಂದ ಹೊಸದರಲ್ಲಿ ಊರವರು ಅವಳನ್ನು ಡಾಕ್ಟರೆಂದು ನಂಬಲಿಲ್ಲ. ಸಣ್ಣ ಆಳು, ಕೊರಳಿಗೆ ಸ್ಟೆತೊಸ್ಕೋಪು ಹಾಕಿಕೊಂಡರೂ ಕಾಲೇಜಿಗೆ ಹೊರಟ ಹುಡುಗಿಯಂತೆ ಕಾಣುತ್ತಿದ್ದಳು. ಬಂದವರು ಅವಳ ಎದುರಿಗೇ ಕುಳಿತು, ಡಾಕ್ಟರು ಯಾವಾಗ ಬರುತ್ತಾರೆಂದು ಅವಳನ್ನೇ ಕೇಳುತ್ತಿದ್ದರು. ಅವಳು ನಕ್ಕು, ನಾನೇ ಎನ್ನುತ್ತಿದ್ದಳು. ಆಮೇಲಾಮೇಲೆ ನಗುವುದಕ್ಕೂ ಪುರುಸೊತ್ತು ಸಿಗದಾಯಿತು.

ಸವಣೂರಿನಿಂದ ಶಿಗ್ಗಾಂವಿಗೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಬಸರಿಗಟ್ಟಿ. ಸುತ್ತಲಿನ ಹಳ್ಳಿಗಳಿಗೆಲ್ಲ ಆ ಕೇಂದ್ರವೇ ಗತಿ. ಅಲ್ಲಿ ಇಬ್ಬರು ಡಾಕ್ಟರು ಇರಬೇಕಾಗಿತ್ತು. ಒಬ್ಬರು ವರ್ಗವಾಗಿ ಹೋದ ಮೇಲೆ ಆ ಕುರ್ಚಿಗೆ ಯಾರೂ ಬರಲಿಲ್ಲ. ಎಂ.ಬಿ.ಬಿ.ಎಸ್. ಮುಗಿಸಿದವರು ಕಡ್ಡಾಯವಾಗಿ ಮಾಡಲೇಬೇಕಾದ ಸರ್ಕಾರಿ ಸೇವೆಯ ಮೇಲೆ ಬಂದ ವಿದ್ಯಾಶ್ರೀ ಬೆಳಿಗ್ಗೆ ಚೀಟಿ ಮಾಡಿಸಿ ಸಾಲು ಹಚ್ಚುವ ರೋಗಿಗಳನ್ನು ನೋಡಬೇಕು, ಹೆರಿಗೆ ನೋಡಬೇಕು, ಬಿದ್ದವರಿಗೆ ಹೊಲಿಗೆ ಹಾಕಬೇಕು, ಅದರ ನಡುವೆ ಮೇಲಿನಿಂದ ಬರುವ ಮೀಟಿಂಗಿನ ಫೋನುಗಳಿಗೆ ಉತ್ತರ ಕೊಡಬೇಕು. ಮುಂದಿನ ಓದಿನ ಪರೀಕ್ಷೆಗೆಂದು ತಂದುಕೊಂಡ ದಪ್ಪ ಪುಸ್ತಕಗಳು ಕ್ವಾರ್ಟರ್ಸಿನ ಕಿಟಕಿಯಲ್ಲಿ ದೂಳು ಕುಡಿಯುತ್ತ ಕುಳಿತಿದ್ದವು.

ಅವಳ ಊರು ಹಾನಗಲ್ ಕಡೆಯ ಆಡೂರು. ಅಪ್ಪ ನೀಲಪ್ಪ ಮನೆ ಕಟ್ಟುವ ಗೌಂಡಿ ಕೆಲಸದವನು. ಅವರ ಓಣಿಯಲ್ಲಿ ಡಾಕ್ಟರಾದವರಲ್ಲಿ ಅವಳೇ ಮೊದಲಿಗಳು. ಶಹರದ ದೊಡ್ಡಾಸ್ಪತ್ರೆಯಲ್ಲಿ ಕಲಿಯುವಾಗ ಅವಳು ಬಹಳ ಸಂಗತಿಗಳನ್ನು ರೂಢಿ ಮಾಡಿಕೊಂಡಿದ್ದಳು. ಗೋಡೆಗೆ ಆತು ನಿಂತಲ್ಲೇ ನಿದ್ದೆ ಮಾಡುವುದು, ಊಟ ಬಿಟ್ಟು ಓಡುವುದು, ಹತ್ತು ಮಂದಿಯ ಎದುರಿಗೆ ಸರ್‌ಗಳಿಂದ ಬೈಸಿಕೊಂಡು ಮುಖ ಕೆಡಿಸಿಕೊಳ್ಳದೆ ಇರುವುದು. ಅಳುವುದಿದ್ದರೆ ಹಾಸು ಹೊದಿಕೆಯ ಬಟ್ಟೆ ಇಡುವ ಲಿನನ್ ಕೋಣೆಗೆ ಹೋಗಿ ಅಳಬೇಕೆಂದು ಗೆಳತಿ ಭಾಗ್ಯಶ್ರೀ ಹೇಳಿಕೊಟ್ಟಿದ್ದಳು. ಆದರೆ ಅಲ್ಲಿ ಏನೇ ಆದರೂ ಮೇಲೊಬ್ಬರು ಇರುತ್ತಿದ್ದರು. ಕೈ ಸೋತರೆ ಕೂಗಿದರಾಯಿತು, ಯಾರಾದರೂ ಬೈಯುತ್ತಲೇ ಓಡಿ ಬರುತ್ತಿದ್ದರು. ಬಸರಿಗಟ್ಟಿಯಲ್ಲಿ ಅವಳು ತಲೆಯೆತ್ತಿ ನೋಡಿದರೆ ಮೇಲಿದ್ದದ್ದು ಫ್ಯಾನು ಮಾತ್ರ.

ಕೇಂದ್ರದ ಗೇಟಿನ ಎದುರಿಗೇ ಚೌಡಪ್ಪನ ಚಹಾದಂಗಡಿ. ಅರವತ್ತರ ಹತ್ತಿರದ ಚೌಡಪ್ಪನೂ ಅವನ ಹೆಂಡತಿ ಹಾಲವ್ವನೂ ಅದನ್ನು ನಡೆಸುತ್ತಿದ್ದರು. ಈ ಹುಡುಗಿ ಹೊತ್ತಿಗೆ ಉಣ್ಣುವುದಿಲ್ಲವೆಂದು ಕಂಡುಕೊಂಡವನೇ ಚೌಡಪ್ಪ. ಮಧ್ಯಾಹ್ನ ಚೀಟಿಯವರ ಸಾಲು ಕರಗದಿದ್ದರೆ ಒಂದು ತಾಟಿನಲ್ಲಿ ಮಂಡಕ್ಕಿ, ಎರಡು ಮಿರ್ಚಿ ತಂದು ಮೇಜಿನ ಮೇಲಿಟ್ಟು ಮಾತಾಡದೆ ಹೋಗುತ್ತಿದ್ದ. ಅವಳು ಎಷ್ಟು ಹೇಳಿದರೂ ರೊಕ್ಕ ಮುಟ್ಟುತ್ತಿರಲಿಲ್ಲ. ತನ್ನ ಮಗಳಿದ್ದಿದ್ದರೆ ಇಷ್ಟೇ ದೊಡ್ಡವಳಾಗಿರುತ್ತಿದ್ದಳೆಂದು ಒಂದು ಸಲ ನರ್ಸ್ ರಹಿಮಾಬಿಯ ಮುಂದೆ ಹೇಳಿದ್ದನಂತೆ.

ಮಳೆಗಾಲ ಹಿಂದಾದ ಹೊತ್ತಿನಲ್ಲಿ, ಒಂದು ಮಂಗಳವಾರ ಮುಂಜಾನೆ, ಇಬ್ಬರು ಒಬ್ಬನನ್ನು ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಬಂದರು. ಹಿಂದಿನವನು ಅವನ ಗದ್ದವನ್ನು ಅಂಗೈಯಲ್ಲಿ ಹಿಡಿದಿದ್ದ. ಬಿಟ್ಟರೆ ತಲೆ ಎದೆಯ ಮೇಲೆ ಬೀಳುತ್ತಿತ್ತು. ಹೆಸರು ರಿಯಾಜ, ಸವಣೂರಿನ ವೀಳ್ಯದೆಲೆ ತೋಟದ ಆಳು. ಬಳ್ಳಿಯ ಬುಡಕ್ಕೆ ಮಣ್ಣೇರಿಸುವಾಗ ಕೈಗೆ ಹಾವು ಕಚ್ಚಿತ್ತು. ನಾಗರ, ಹೆಡೆ ಎತ್ತಿದ್ದನ್ನು ಕಣ್ಣಾರೆ ಕಂಡೆವೆಂದು ತಂದವರು ಹೇಳಿದರು. ಹಿಂದೆಯೇ ಇನ್ನೊಂದು ಬೈಕಿನಲ್ಲಿ ಅವನ ಹೆಂಡತಿ ಬಾನುಬಿ ಬಂದಳು. ಅವಳ ಕೈಗಳಿಗೆ ತೋಟದ ಮಣ್ಣು ಇನ್ನೂ ಹಾಗೇ ಇತ್ತು.

ವಿದ್ಯಾಶ್ರೀ ಅವನ ರೆಪ್ಪೆ ಎತ್ತಿ ನೋಡಿದಳು. ಕಣ್ಣು ತೆರೆಯೆಂದರೆ ಹುಬ್ಬು ಮಾತ್ರ ಅಲುಗಿತು. ನಾಲಿಗೆ ತೊದಲುತ್ತಿತ್ತು, ಕಟಬಾಯಿಯಲ್ಲಿ ಜೊಲ್ಲು. ವಿಷ ನರಕ್ಕೆ ಏರಿತ್ತು. ರಹಿಮಾಬಿ ಫ್ರಿಜ್ಜಿನಿಂದ ಹಾವಿನ ವಿಷದ ಮದ್ದು ತಂದು ಸಲೈನಿನಲ್ಲಿ ಕೂಡಿಸಿದಳು. ಕೊಡಬೇಕಾದ ಇಂಜೆಕ್ಷನ್ನುಗಳನ್ನೆಲ್ಲ ಕೊಟ್ಟದ್ದಾಯಿತು. ಪುಸ್ತಕದಲ್ಲಿ ಬರೆದಂತೆಯೇ ಎಲ್ಲವೂ ನಡೆಯಿತು, ಅವನ ಉಸಿರೊಂದನ್ನು ಬಿಟ್ಟು. ಅದು ಮಾತ್ರ ಕಿರಿದಾಗುತ್ತ ಹೋಯಿತು. ಎದೆ ಏಳುವುದು ಕಡಿಮೆಯಾಗಿ ತುಟಿ ಕಪ್ಪಿಟ್ಟಾಗ ಅವಳು ಗಂಟಲಿಗೆ ನಳಿಗೆ ಇಳಿಸಲು ಕುಳಿತಳು. ಮೊದಲ ಸಲ ದಾರಿ ತಪ್ಪಿತು. ಎರಡನೇ ಸಲ ಸರಿಯಾಗಿ ಇಳಿಯಿತು. ನಳಿಗೆಯ ತುದಿಗೆ ರಬ್ಬರಿನ ಚೀಲ ಸಿಕ್ಕಿಸಿ ಒತ್ತಿದಳು. ರಿಯಾಜನ ಎದೆ ಮೇಲೆದ್ದಿತು. ಬಿಟ್ಟಳು, ಇಳಿಯಿತು.

ಈಗ ಅವನು ಬದುಕಿರುವುದು ಆ ಚೀಲವನ್ನು ಒತ್ತುವ ಕೈಯಿಂದ. ವಿಷ ಇಳಿದರೆ ಒಂದೆರಡು ದಿನದಲ್ಲಿ ತಾನಾಗಿ ಉಸಿರಾಡುತ್ತಾನೆ, ಏನೂ ಆಗದವನಂತೆ ಎದ್ದು ಹೋಗುತ್ತಾನೆ. ಅಲ್ಲಿಯ ತನಕ ಯಂತ್ರ ಬೇಕು. ಯಂತ್ರ ಇರುವುದು ಶಹರದಲ್ಲಿ.

ಫೋನು ಮಾಡಿದರೆ ಬರುವ ಗಾಡಿ ಯಾವುದೋ ಹೆರಿಗೆಗೆ ದೂರ ಹೋಗಿತ್ತು. ಕೇಂದ್ರದ ಹಳೆಯ ಆಂಬ್ಯುಲೆನ್ಸು ಇತ್ತು, ಡ್ರೈವರನೂ ಇದ್ದ. ಅದರೊಳಗೆ ಕುಳಿತು ಉಸಿರು ಕೊಡುವವರು ಯಾರು? ಒಳಗಿನ ಕೋಣೆಯಲ್ಲಿ ಒಬ್ಬಳು ಚೊಚ್ಚಲ ಬಸುರಿ ನೋವು ತಿನ್ನುತ್ತಿದ್ದಳು, ರಹಿಮಾಬಿ ಅವಳನ್ನು ಬಿಟ್ಟು ಬರುವಂತಿರಲಿಲ್ಲ. ವಿದ್ಯಾಶ್ರೀ ಒಂದು ಕೈಯಿಂದ ಚೀಲ ಒತ್ತುತ್ತಲೇ ತಾಲೂಕಿನ ಆರೋಗ್ಯಾಧಿಕಾರಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಮೀಟಿಂಗಿನಲ್ಲಿದ್ದಾರೆ ಎಂದು ಬೇರೆ ಯಾರೋ ಹೇಳಿ ಇಟ್ಟರು.

ಗದ್ದಲ ಕೇಳಿ ಚೌಡಪ್ಪ ಅಂಗಡಿ ಬಿಟ್ಟು ಬಂದಿದ್ದ. ಸ್ಟ್ರೆಚರಿನ ಒಂದು ಮೂಲೆ ಹಿಡಿದು ರಿಯಾಜನನ್ನು ಗಾಡಿಯೊಳಕ್ಕೆ ಏರಿಸಿದವನು ಅವನೇ. ವಿದ್ಯಾಶ್ರೀ ಗಾಡಿಯ ಮೆಟ್ಟಿಲ ಮೇಲೆ ನಿಂತು ಹಿಂದಕ್ಕೆ ನೋಡಿದಳು. ಕಟ್ಟೆಯ ಮೇಲೆ ಚೀಟಿ ಹಿಡಿದ ಮಂದಿ ಸಾಲಾಗಿ ಕುಳಿತಿದ್ದರು.

"ಹೋಗ್ರಿ ಡಾಕ್ಟರ್ರ," ಎಂದ ಚೌಡಪ್ಪ. "ಸಣ್ಣ ವಯಸ್ಸಿನಾಂವ ಅದಾನ. ಇಲ್ಲೇನ ಆಗ್ತೈತಿ, ನಾವೆಲ್ಲಾ ಅದೇವಲ್ಲ."

ಅವಳು ಹತ್ತಿದಳು. ಬಾಗಿಲು ಹಾಕಿದವನೂ ಅವನೇ.

ದಾರಿಯುದ್ದಕ್ಕೂ ವಿದ್ಯಾಶ್ರೀ ಮೊಣಕಾಲೂರಿ ಕುಳಿತು ಚೀಲ ಒತ್ತಿದಳು. ರಸ್ತೆಯ ಕುಣಿ ಬಂದಾಗಲೆಲ್ಲ ನಳಿಗೆ ಜಾರದಂತೆ ಎಡಗೈಯಿಂದ ಅವನ ಗದ್ದವನ್ನು ಅವಚಿ ಹಿಡಿಯುತ್ತಿದ್ದಳು. ಬಾನುಬಿ ಕಾಲ ಹತ್ತಿರ ಕುಳಿತು ಗಂಡನ ಪಾದ ತಿಕ್ಕುತ್ತಿದ್ದಳು. ವಿದ್ಯಾಶ್ರೀಯೇ ಹೇಳಿದಳು, ಅವನಿಗೆ ಎಲ್ಲವೂ ಕೇಳಿಸುತ್ತದೆ, ಮೈ ಅಲುಗಿಸಲು ಮಾತ್ರ ಬರುವುದಿಲ್ಲ, ಅದಕ್ಕೆ ಅಳಬೇಡ, ಮಾತಾಡು ಎಂದು. ಬಾನುಬಿ ಏನು ಮಾತಾಡಬೇಕೆಂದು ತಿಳಿಯದೆ, ಮನೆಯಲ್ಲಿ ಕೋಳಿ ಮುಚ್ಚಿ ಬಂದಿದ್ದೇನೆ, ಮಗನನ್ನು ಸಾಲಿಯಿಂದ ಕರೆತರಲು ಅತ್ತೆಗೆ ಹೇಳಿದ್ದೇನೆ ಎಂದು ಅವನ ಪಾದಕ್ಕೆ ಹೇಳತೊಡಗಿದಳು. ವಿದ್ಯಾಶ್ರೀಯೂ ಬಾಗಿ ಅವನ ಕಿವಿಯ ಹತ್ತಿರ ಹೇಳಿದಳು, "ಅಂಜಬ್ಯಾಡ್ರಿ ರಿಯಾಜ, ನಾ ಇಲ್ಲೇ ಅದೇನಿ. ನಿಮ್ಮ ಕೈ ಬಿಡಂಗಿಲ್ಲ."

ಶಿಗ್ಗಾಂವಿ ದಾಟಿ ಹೆದ್ದಾರಿಗೆ ಹತ್ತಿದ ಮೇಲೆ ಫೋನು ಬಂತು. ರಹಿಮಾಬಿ. ವಿದ್ಯಾಶ್ರೀ ಅದನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು. ಹೆರಿಗೆಯಾಯಿತು, ಹೆಣ್ಣು ಕೂಸು, ತಾಯಿ ಚೆನ್ನಾಗಿದ್ದಾಳೆ ಎಂದು ಹೇಳುತ್ತಾಳೆಂದು ಅವಳು ತಿಳಿದಿದ್ದಳು. ರಹಿಮಾಬಿಯ ದನಿ ಬೇರೆಯಾಗಿತ್ತು.

"ಮೇಡಂ, ಚೌಡಪ್ಪಗ ಎದಿ ಹಿಡಕೊಂಡೈತ್ರಿ. ಮೈಯೆಲ್ಲಾ ನೀರಾಗೈತಿ. ಗ್ಯಾಸ್ ಅಂತ ಸೋಡಾ ಕುಡುದು ಕುಂತಿದ್ದಂತ. ಇ.ಸಿ.ಜಿ. ತಗದೇನಿ, ನಿಮ್ಮ ಫೋನಿಗೆ ಕಳಿಸೇನಿ ನೋಡ್ರಿ."

ಅವಳು ಬಲಗೈಯಿಂದ ಚೀಲ ಒತ್ತುತ್ತ, ಎಡಗೈಯಿಂದ ಫೋನು ಹಿಡಿದು ನೋಡಿದಳು. ಗಾಡಿಯ ಕುಲುಕಾಟಕ್ಕೆ ಚಿತ್ರ ಕುಣಿಯುತ್ತಿತ್ತು. ಆದರೆ ಆ ಗೆರೆಗಳನ್ನು ತಿಳಿಯಲು ಎರಡು ಸಲ ನೋಡಬೇಕಾಗಿರಲಿಲ್ಲ. ಹೃದಯದ ದೊಡ್ಡ ರಕ್ತನಾಳವೇ ಕಟ್ಟಿತ್ತು. ಫೋನನ್ನು ಮತ್ತೆ ಹೆಗಲಿಗೆ ಸಿಕ್ಕಿಸಿಕೊಂಡು, ಯಾವ ಮಾತ್ರೆಗಳನ್ನು ಅಗಿಯಲು ಕೊಡಬೇಕು, ನಾಲಿಗೆಯ ಕೆಳಗೆ ಯಾವುದನ್ನು ಇಡಬೇಕು, ಯಾವುದನ್ನು ಇಡಬಾರದು ಎಂದೆಲ್ಲ ಹೇಳಿದಳು. ಹೇಳುತ್ತಲೇ ಲೆಕ್ಕ ತಪ್ಪದಂತೆ ಒತ್ತುತ್ತಿದ್ದಳು. ತಕ್ಷಣ ಶಿಗ್ಗಾಂವಿಗೆ ಕರೆದೊಯ್ಯಬೇಕು, ಗಾಡಿಯಲ್ಲಿ ಆಕ್ಸಿಜನ್ ಹಚ್ಚಬೇಕು ಎಂದಳು.

"ಗಾಡಿ ನಿಮ್ಮ ಹಂತ್ಯಾಕ ಐತಲ್ರಿ ಮೇಡಂ," ಎಂದಳು ಆ ಕಡೆಯಿಂದ ರಹಿಮಾಬಿ.

ವಿದ್ಯಾಶ್ರೀ ಡ್ರೈವರನನ್ನು ನೋಡಿದಳು. ಅವನೂ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ. ಹಿಂದೆ ತಿರುಗಿದರೆ ರಿಯಾಜ ಹೋಗುತ್ತಾನೆ, ಮುಂದೆ ಹೋದರೆ ಚೌಡಪ್ಪ. ತಿರುಗಿ ಹೋದರೂ ಮುಟ್ಟುವಷ್ಟರಲ್ಲಿ ಹೊತ್ತು ಮೀರುತ್ತದೆ ಎಂದು ಅವಳ ತಲೆ ಹೇಳುತ್ತಿತ್ತು. ಸಿಕ್ಕ ಗಾಡಿಯಲ್ಲಿ ಕರೆದೊಯ್ಯಿರಿ, ಸಾಮಾನು ಹೊರುವ ಗಾಡಿಯಾದರೂ ಸರಿ, ಮಲಗಿಸಿ, ನಡೆಸಬೇಡಿ ಎಂದು ಕೂಗಿ ಹೇಳಿದಳು. ಹೇಳುತ್ತ ಹೇಳುತ್ತ ದನಿ ಒಡೆಯಿತು. ಎರಡೂ ಕೈ ಚೀಲದ ಮೇಲೆ ಇದ್ದವು. ಮುಖ ಒರೆಸಿಕೊಳ್ಳಲು ಇನ್ನೊಂದು ಕೈ ಇರಲಿಲ್ಲ. ಬಾನುಬಿ ತನ್ನ ಸೆರಗಿನಿಂದ ಅವಳ ಕಣ್ಣು ಒರೆಸಿದಳು.

ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿ ಆ ದಿನ ಡ್ಯೂಟಿಯಲ್ಲಿದ್ದವಳು ಭಾಗ್ಯಶ್ರೀಯೇ. ಓದು ಮುಗಿದ ಬಳಿಕ ಅಲ್ಲೇ ಮುಂದಿನ ಓದಿಗೆ ಸೇರಿದ್ದಳು. ವಿದ್ಯಾಶ್ರೀಯನ್ನು ಕಂಡು ಅವಳು ಹಿಗ್ಗಲಿಲ್ಲ, ಆಶ್ಚರ್ಯವನ್ನೂ ತೋರಿಸಲಿಲ್ಲ. ಕಣ್ಣ ಸುತ್ತ ಕಪ್ಪು ಕಟ್ಟಿತ್ತು, ತಲೆ ಬಾಚಿ ಎಷ್ಟು ಹೊತ್ತಾಗಿತ್ತೋ. ರಿಯಾಜನ ಎದೆಗೆ ಕಿವಿಗೊಟ್ಟು ಕೇಳಿ, ನಳಿಗೆ ಸರಿಯಾಗಿ ಕೂತಿದೆ, ಚಲೋ ಮಾಡಿದಿ ಎಂದಳು. ಆಮೇಲೆ ವೆಂಟಿಲೇಟರು ಖಾಲಿ ಇಲ್ಲ ಎಂದಳು.

"ಯಾವಾಗ ಸಿಗ್ತತಿ?"

"ಯಾರರ ಒಬ್ರು ಅರಾಮ ಆಗಬೇಕು. ಇಲ್ಲಂದ್ರ ಹೋಗಬೇಕು." ಭಾಗ್ಯಶ್ರೀ ಅದನ್ನು ಸಿಟ್ಟಿನಿಂದಲೂ ಹೇಳಲಿಲ್ಲ, ದುಃಖದಿಂದಲೂ ಹೇಳಲಿಲ್ಲ.

ಅಲ್ಲಿಯ ತನಕ ಏನು ಮಾಡುವುದೆಂದು ಕೇಳುವ ಅಗತ್ಯವಿರಲಿಲ್ಲ. ಆ ವಾರ್ಡಿನಲ್ಲಿ ಆಗಲೇ ಎರಡು ಮಂಚಗಳ ಮೇಲೆ ಹಾಗೇ ನಡೆದಿತ್ತು. ಒಂದರ ಪಕ್ಕ ಒಬ್ಬ ಮುದುಕ ತನ್ನ ಸೊಸೆಗೆ ಚೀಲ ಒತ್ತುತ್ತಿದ್ದ. ಇನ್ನೊಂದರ ಪಕ್ಕ ಅಣ್ಣತಮ್ಮಂದಿರು ಪಾಳಿ ಹಚ್ಚಿಕೊಂಡಿದ್ದರು. ಭಾಗ್ಯಶ್ರೀ ಬಾನುಬಿಯನ್ನು ಕರೆದು, ಅವಳ ಕೈಯನ್ನು ಚೀಲದ ಮೇಲಿಟ್ಟು ತೋರಿಸಿದಳು. ನೀನು ಉಸಿರು ಒಳಗೆ ಎಳೆದುಕೊಂಡಾಗ ಒತ್ತು, ನೀನು ಬಿಟ್ಟಾಗ ಬಿಡು, ಅಷ್ಟೇ, ಮರೆಯಬೇಡ. ಬಾನುಬಿ ತಲೆಯಾಡಿಸಿ ಒತ್ತತೊಡಗಿದಳು. ಅವಳ ಕಣ್ಣು ಗಂಡನ ಎದೆಯ ಮೇಲೆ ನೆಟ್ಟಿತ್ತು. ಒಂದು ಸಲವೂ ತಪ್ಪಲಿಲ್ಲ.

ವಿದ್ಯಾಶ್ರೀ ಅದನ್ನು ನೋಡುತ್ತ ನಿಂತಳು. ಇಷ್ಟೇ ಆಗಿದ್ದರೆ ಬಸರಿಗಟ್ಟಿಯಲ್ಲೇ ಚೀಲವನ್ನು ಬಾನುಬಿಯ ಕೈಗೆ ಕೊಟ್ಟು ಕಳಿಸಬಹುದಿತ್ತೇ? ನಳಿಗೆ ದಾರಿಯಲ್ಲಿ ಜಾರಿದ್ದರೆ? ಜಾರದೆಯೂ ಇರಬಹುದಾಗಿತ್ತು. ಈ ಮಾತನ್ನು ಅವಳು ಭಾಗ್ಯಶ್ರೀಗೆ ಕೇಳಬೇಕೆಂದಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಂದು ಸ್ಟ್ರೆಚರು ಬಂದು ಭಾಗ್ಯಶ್ರೀ ಅತ್ತ ಓಡಿದಳು. ಹೊರಡುವಾಗ ವಿದ್ಯಾಶ್ರೀ ರಿಯಾಜನ ಕಿವಿಯ ಹತ್ತಿರ ಮತ್ತೆ ಬಾಗಿದಳು. ಕೈ ಬಿಡುವುದಿಲ್ಲ ಎಂದು ಹೇಳಿದವಳು ಈಗ ಹೋಗುತ್ತೇನೆಂದು ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಅವನ ಹೊದಿಕೆ ಸರಿಪಡಿಸಿ ಎದ್ದು ಬಂದಳು.

ಹಿಂದಿರುಗುವಾಗ ಅವಳು ಡ್ರೈವರನ ಪಕ್ಕದಲ್ಲಿ ಕುಳಿತಳು. ರಹಿಮಾಬಿಗೆ ಫೋನು ಹಚ್ಚಬೇಕೆಂದು ಕೈ ಹೋಗುತ್ತಿತ್ತು, ಹಚ್ಚಲಿಲ್ಲ. ಸುದ್ದಿ ಡ್ರೈವರನಿಗೆ ಮೊದಲೇ ಬಂದಿತ್ತೆಂದು ಆಮೇಲೆ ತಿಳಿಯಿತು. ಅವನು ಹೇಳದೆ ಗಾಡಿ ಹೊಡೆಯುತ್ತಿದ್ದ. ಶಿಗ್ಗಾಂವಿ ದಾಟಿ ಊರಿನ ರಸ್ತೆಗೆ ತಿರುಗುವ ಮೊದಲು ಮಾತ್ರ ವೇಗ ತಗ್ಗಿಸಿ, ಮೇಡಂ, ನೀವು ಇಂದು ಕ್ವಾರ್ಟರ್ಸಿಗೆ ಹೋಗುವುದು ಬೇಡ, ನಾನು ಹಾನಗಲ್ಲಿಗೆ ಬಿಟ್ಟು ಬರುತ್ತೇನೆ, ಅಲ್ಲಿಂದ ಊರಿಗೆ ಹೋಗಿಬಿಡಿ ಎಂದ. ಆಗ ಅವಳಿಗೆ ಗೊತ್ತಾಯಿತು.

ಅವಳು ಬಸರಿಗಟ್ಟಿಗೇ ನಡೆ ಎಂದಳು. ಅದು ಧೈರ್ಯವಾಗಿರಲಿಲ್ಲ. ಮುಂಜಾನೆ ನೋವು ತಿನ್ನುತ್ತಿದ್ದವಳು ಒಳಗೆ ಇದ್ದಳು, ಇಷ್ಟರಲ್ಲಿ ಹೆತ್ತಿರಬೇಕು, ಅಷ್ಟೇ ಅವಳ ತಲೆಯಲ್ಲಿ ಇದ್ದದ್ದು.

ಚೌಡಪ್ಪನನ್ನು ಮೆಣಸಿನಕಾಯಿ ಹೇರುವ ಗಾಡಿಯ ಹಿಂದೆ ಚಾಪೆ ಹಾಸಿ ಮಲಗಿಸಿ ಒಯ್ದಿದ್ದರು. ಹೆದ್ದಾರಿ ಕಾಣುವ ಮೊದಲೇ ಜೀವ ಹೋಗಿತ್ತು. ಈಗ ಹೆಣವನ್ನು ಮನೆಗೆ ತಂದಿದ್ದರು, ಮಂದಿ ಮಾತ್ರ ಕೇಂದ್ರದ ಗೇಟಿನಲ್ಲಿ ನಿಂತಿದ್ದರು. ಗಾಡಿ ನಿಂತ ಕೂಡಲೆ ಸುತ್ತುವರಿದರು. ಯಾರೋ ಗಾಡಿಯ ಬದಿಗೆ ಬಡಿದರು. ಸರ್ಕಾರಿ ಪಗಾರ ತಿಂದು ಶಹರ ತಿರುಗಲು ಹೋಗಿದ್ದಾಳೆಂದು ಒಬ್ಬನು, ಬೇರೆ ಊರವನಿಗಾಗಿ ನಮ್ಮ ಊರವನನ್ನು ಕೊಂದಳೆಂದು ಇನ್ನೊಬ್ಬನು. ಅವಳ ಜಾತಿ ಎತ್ತಿ ಹಿಂದಿನಿಂದ ಯಾರೋ ಒಂದು ಮಾತಾಡಿದರು. ಅದೂ ಅವಳಿಗೆ ಕೇಳಿಸಿತು.

ಚೌಡಪ್ಪನ ಮಗ ಮಾಲತೇಶ ಮುಂದೆ ಬಂದ. ಅವನು ಕಿರುಚಲಿಲ್ಲ. ಅವಳ ಎದುರಿಗೆ ನಿಂತು ಕೇಳಿದ, "ನೀವು ಇಲ್ಲೇ ಇದ್ದಿದ್ರ ನಮ್ಮಪ್ಪ ಉಳೀತಿದ್ನೋ ಇಲ್ಲೋ? ಅದೊಂದು ಹೇಳ್ರಿ ಸಾಕು."

ಹೃದಯದ ನಾಳ ಹಾಗೆ ಕಟ್ಟಿಕೊಂಡು ದೊಡ್ಡಾಸ್ಪತ್ರೆಯಲ್ಲೇ ಎಷ್ಟೋ ಮಂದಿ ಕಣ್ಣೆದುರಿಗೆ ಹೋಗಿದ್ದನ್ನು ಕಂಡಿದ್ದಳು. ಗಾಡಿ ಇದ್ದು, ಆಕ್ಸಿಜನ್ ಇದ್ದು, ತಾನು ಜೊತೆಗೆ ಕುಳಿತಿದ್ದರೆ ಶಿಗ್ಗಾಂವಿ ಮುಟ್ಟುತ್ತಿದ್ದನೇನೋ. ಮುಟ್ಟಿದ್ದರೆ ಮುಂದೇನೋ. ನಿಮ್ಮ ಅಪ್ಪನೇ ನನ್ನನ್ನು ಹೋಗು ಎಂದ, ಅವನೇ ಗಾಡಿಯ ಬಾಗಿಲು ಹಾಕಿದ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಸತ್ತವನ ಮೇಲೆ ಹೊರೆ ಹಾಕಿದಂತಾಗುತ್ತದೆಂದು ನುಂಗಿದಳು.

"ಗೊತ್ತಿಲ್ರಿ," ಎಂದಳು.

ಮಾಲತೇಶ ಮುಖ ಮುಚ್ಚಿಕೊಂಡು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟ. ಅವನು ಹೊಡೆದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ. ರಹಿಮಾಬಿ ಬಂದು ಅವಳ ರಟ್ಟೆ ಹಿಡಿದು ಒಳಗೆ ಕರೆದೊಯ್ದಳು. ಅಂದು ಸಂಜೆಯ ತನಕ ಕೇಂದ್ರದ ಬಾಗಿಲಲ್ಲಿ ಪೊಲೀಸರು ಕುಳಿತಿದ್ದರು.

ಅದಾದ ವಾರದಲ್ಲಿ ತಾಲೂಕಿನ ಆರೋಗ್ಯಾಧಿಕಾರಿ ವಿಚಾರಣೆಗೆ ಬಂದರು. ಅಪ್ಪಣೆ ಇಲ್ಲದೆ ಕೇಂದ್ರ ಬಿಟ್ಟು ಹೋದದ್ದಕ್ಕೆ ಕಾರಣ ಹೇಳಬೇಕೆಂದು ಮೇಲಿನವರು ಕೇಳಿದ್ದರು. ವಯಸ್ಸಾದ ಮನುಷ್ಯ, ಒಳ್ಳೆಯವರು. ಎಲ್ಲವನ್ನೂ ಕೇಳಿಕೊಂಡು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನೂ ಅಂದು ಫೋನು ಎತ್ತಬೇಕಾಗಿತ್ತು, ಎತ್ತಿದ್ದರೂ ಏನು ಹೇಳುತ್ತಿದ್ದೆನೋ ತಿಳಿಯದು ಎಂದರು.

"ನೀ ತಪ್ಪ ಮಾಡೀದಿ ಅಂತ ನನಗ ಅನಸಂಗಿಲ್ಲವ್ವಾ. ಆದ್ರ ಮನುಷ್ಯಾ ಸತ್ತಾನ. ನಾ ಏನರ ಬರೀಬೇಕಲ್ಲ."

ಇನ್ನೊಬ್ಬ ಡಾಕ್ಟರು ಯಾವಾಗ ಬರುತ್ತಾರೆಂದು ಅವಳು ಕೇಳಿದಳು. ಬರೆದು ಬರೆದು ಕೈ ಸೋತಿದೆ ಎಂದರು ಅವರು. ತನ್ನನ್ನಾದರೂ ಬೇರೆ ಕಡೆ ಹಾಕಿ ಎಂದಳು. ನಿನ್ನನ್ನು ತೆಗೆದರೆ ಇಲ್ಲಿ ಯಾರೂ ಇಲ್ಲವಾಗುತ್ತದೆ ಎಂದರು. ಎರಡೂ ಮಾತು ನಿಜವಾಗಿದ್ದವು. ಅವರು ಹೋಗುವಾಗ ಚೀಟಿಯವರ ಸಾಲು ಕಟ್ಟೆ ದಾಟಿ ಬೇವಿನ ಗಿಡದ ತನಕ ಬಂದಿತ್ತು. ಅಂದು ಗಾಡಿಗೆ ಬಡಿದವರಲ್ಲಿ ಒಬ್ಬನು ಕೆಮ್ಮುವ ತಾಯಿಯನ್ನು ಹಿಡಿದುಕೊಂಡು ಅದೇ ಸಾಲಿನಲ್ಲಿ ನಿಂತಿದ್ದ. ವಿದ್ಯಾಶ್ರೀ ಅವಳ ಬೆನ್ನಿಗೆ ಸ್ಟೆತೊಸ್ಕೋಪು ಇಟ್ಟು, ಜೋರಾಗಿ ಉಸಿರು ತಗೋರಿ ಅಜ್ಜಿ ಎಂದಳು.

ಸುದ್ದಿ ಆಡೂರಿಗೂ ಮುಟ್ಟಿತು. ನೀಲಪ್ಪ ಕೆಲಸ ಬಿಟ್ಟು ಬಸ್ಸು ಹಿಡಿದು ಬಂದ. ಅವನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಚೀಟಿಯವರ ನಡುವೆ ಬಾಕಿನ ಮೇಲೆ, ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತುಬಿಟ್ಟಿದ್ದ. ಮಗಳು ಒಬ್ಬರಾದ ಮೇಲೆ ಒಬ್ಬರನ್ನು ನೋಡುವುದನ್ನು, ನಡುವೆ ಎದ್ದು ಹೆರಿಗೆ ಕೋಣೆಗೆ ಓಡುವುದನ್ನು, ಬಂದು ಕೈ ತೊಳೆದು ಮತ್ತೆ ಕೂರುವುದನ್ನು ನೋಡಿದ. ಕಟ್ಟೆ ಖಾಲಿಯಾದ ಮೇಲೆ ಎದ್ದು ಬಂದು ಗಂಟನ್ನು ಮೇಜಿನ ಮೇಲಿಟ್ಟ.

ಅವಳು ಉಣ್ಣುವಾಗ ಅವನು ಎದುರಿಗೆ ಕುಳಿತ. ಎದ್ದು ನಡಿ, ಮನೆಗೆ ಹೋಗೋಣ ಎಂದು ಹೇಳಬೇಕೆಂದೇ ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದನಂತೆ. ಆದರೆ ಬಿಟ್ಟು ಹೋದರೆ ಕಾಯಿದೆ ಬೆನ್ನು ಬೀಳುತ್ತದೆ, ಕಲಿತದ್ದೆಲ್ಲ ನೀರಿಗೆ ಹೋಗುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಕೇಳಿದ, "ನಿನ್ನ ಡಾಕ್ಟರ್ ಮಾಡಿ ನಾವು ತಪ್ಪ ಮಾಡಿದಿವೇನು, ವಿದ್ಯಾ?"

ಅವಳು ತುತ್ತು ನುಂಗಿ ನೀರು ಕುಡಿದಳು. ಇಲ್ಲ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ರಹಿಮಾಬಿ ಬಂದು, ಕಾಲು ಮುರಿದವನೊಬ್ಬನನ್ನು ತಂದಿದ್ದಾರೆ ಎಂದಳು. ಅವಳು ಕೈ ತೊಳೆದುಕೊಂಡು ಎದ್ದು ಹೋದಳು. ಬರುವಷ್ಟರಲ್ಲಿ ಹಾನಗಲ್ಲಿನ ಬಸ್ಸಿನ ಹೊತ್ತಾಗಿ ನೀಲಪ್ಪ ಹೊರಟು ನಿಂತಿದ್ದ. ಉಳಿದ ರೊಟ್ಟಿಯನ್ನು ಅರಿವೆಯಲ್ಲಿ ಚೆನ್ನಾಗಿ ಸುತ್ತಿಟ್ಟಿದ್ದ.

ರಿಯಾಜ ಉಳಿದ. ಅಂದು ಇಳಿಹೊತ್ತಿಗೆ ಅವನಿಗೆ ವೆಂಟಿಲೇಟರು ಸಿಕ್ಕಿತೆಂದು ಭಾಗ್ಯಶ್ರೀ ಫೋನಿನಲ್ಲಿ ಎರಡೇ ಸಾಲು ಬರೆದು ಕಳಿಸಿದ್ದಳು. ಅದು ಯಾರು ಆರಾಮಾಗಿ ಸಿಕ್ಕಿತೋ, ಯಾರು ಹೋಗಿ ಸಿಕ್ಕಿತೋ ವಿದ್ಯಾಶ್ರೀ ಕೇಳಲಿಲ್ಲ. ಆ ಸುದ್ದಿ ಓದಿದಾಗ ಹಿಗ್ಗಬೇಕೆಂದು ಅವಳಿಗೆ ಅನ್ನಿಸಿತ್ತು. ಹಿಗ್ಗು ಬರಲಿಲ್ಲ. ಫೋನನ್ನು ಬೋರಲು ಹಾಕಿ ಇಟ್ಟಿದ್ದಳು.

ಜೋಳದ ಬಿತ್ತನೆ ಮುಗಿಯುವ ಹೊತ್ತಿಗೆ ಗಂಡಹೆಂಡತಿ ಕೇಂದ್ರಕ್ಕೆ ಬಂದರು. ಬಾನುಬಿ ಒದ್ದೆ ಅರಿವೆಯಲ್ಲಿ ಸುತ್ತಿದ ಎಲೆಯ ಕಟ್ಟು ತಂದಿದ್ದಳು, ಸವಣೂರಿನ ಖಾರಾ ತಿನಿಸಿನ ಪೊಟ್ಟಣವನ್ನೂ ತಂದಿದ್ದಳು. ರಿಯಾಜ ತೆಳ್ಳಗಾಗಿದ್ದ. ಗಂಟಲು ಇನ್ನೂ ಗೊರಗೊರ ಎನ್ನುತ್ತಿತ್ತು. ವಿದ್ಯಾಶ್ರೀ ಅವನ ಕಚ್ಚಿದ ಕೈಯ ಗಾಯ ನೋಡಿದಳು, ಅರ್ಧ ಮಾಯ್ದಿತ್ತು. ಡ್ರೆಸ್ಸಿಂಗ್ ಮಾಡಲು ರಹಿಮಾಬಿಗೆ ಹೇಳಿದಳು. ಬಾನುಬಿ ಹೊಗಳತೊಡಗಿದಾಗ ತಲೆ ತಗ್ಗಿಸಿ ಚೀಟಿ ಬರೆದಳು.

ರಿಯಾಜ ಹೆಂಡತಿಯನ್ನು ಹೊರಗೆ ಕುಳಿತಿರು ಎಂದು ಕಳಿಸಿದ. ಆಮೇಲೆ ಮಾತಿಗೆ ಬಂದ. ಗಾಡಿಯಲ್ಲಿ ತನಗೆ ಎಲ್ಲವೂ ಕೇಳಿಸುತ್ತಿತ್ತು ಎಂದ. ಬಾನುಬಿ ಕೋಳಿಯ ಮಾತು ಹೇಳಿದ್ದು, ಡ್ರೈವರ ಹಾರ್ನು ಹೊಡೆದದ್ದು, ವಿದ್ಯಾಶ್ರೀ ಫೋನಿನಲ್ಲಿ ಮಾತಾಡಿದ್ದು. ಗಾಡಿ ನಿಮ್ಮ ಹತ್ತಿರವೇ ಇದೆಯಲ್ಲ ಎಂದು ಆ ಕಡೆಯಿಂದ ಅಂದದ್ದು ಕೂಡ ಫೋನಿನಿಂದ ಸೋರಿ ಅವನ ಕಿವಿಗೆ ಬಿದ್ದಿತ್ತು. ಅಲ್ಲೊಬ್ಬರು ಸಾಯುತ್ತಿದ್ದಾರೆ, ಈ ಗಾಡಿ ಅವರಿಗೆ ಬೇಕಾಗಿದೆ ಎಂದು ಅವನಿಗೆ ತಿಳಿದಿತ್ತು.

"ಬಾಯಿ ಇದ್ದಿದ್ರ ಹೊಳ್ಳಿ ಹೋಗ್ರಿ ಅಂತಿದ್ದೆ ಅಂತ ಮಂದೀ ಮುಂದ ಹೇಳೇನ್ರಿ," ಎಂದ. "ಅದು ಸುಳ್ಳು. ಹೊಳ್ಳಬಾರದು, ಗಾಡಿ ಹಿಂದ ತಿರುಗಬಾರದು ಅಂತ ಅಲ್ಲಾಗ ಬೇಡಾಕತ್ತಿದ್ದೆ ನಾ. ಅವರು ಸತ್ರ ಸಾಯ್ಲಿ ಅಂತ ಅನಿಸಿತ್ರಿ ನನಗ."

ವಿದ್ಯಾಶ್ರೀ ಪೆನ್ನು ಕೆಳಗಿಟ್ಟಳು. ಅವನಿಗೆ ಏನಾದರೂ ಹೇಳಬೇಕಾಗಿತ್ತು. ಸಾಯುವವರೆಲ್ಲರಿಗೂ ಹಾಗೇ ಅನ್ನಿಸುತ್ತದೆ, ನಿಮ್ಮದು ಪಾಪವಲ್ಲ ಎಂದು ಹೇಳಬಹುದಾಗಿತ್ತು. ಅದೇ ಮಾತನ್ನು ತನಗೆ ತಾನು ಎಷ್ಟೋ ಸಲ ಹೇಳಿಕೊಂಡು ನೋಡಿದ್ದಳು, ಅದು ಮನಸ್ಸಿಗೆ ಅಂಟಿರಲಿಲ್ಲ. ಗಾಯಕ್ಕೆ ನೀರು ತಾಗಿಸಬೇಡಿ, ಮಾತ್ರೆ ಊಟದ ಮೇಲೆ ತೆಗೆದುಕೊಳ್ಳಿ ಎಂದಳು.

ಅವನು ಎದ್ದ. ಬಾಗಿಲಲ್ಲಿ ನಿಂತು ಗೇಟಿನ ಆಚೆಗೆ ನೋಡಿದ. ಅಂಗಡಿ ಮತ್ತೆ ತೆರೆದಿತ್ತು. ಮಾಲತೇಶ ಒಲೆಯ ಮುಂದೆ ಇದ್ದ, ಹಾಲವ್ವ ಲೋಟ ತೊಳೆಯುತ್ತಿದ್ದಳು.

"ಅವರನ್ನ ಮಾತಾಡಿಸಿ ಹೋಗ್ಲೇನ್ರಿ?" ಎಂದು ಕೇಳಿದ.

ಅವಳು ಮುಂದಿನ ಚೀಟಿ ಎಳೆದುಕೊಂಡಳು. ತಾನೇ ಇನ್ನೂ ಆ ಗೇಟು ದಾಟಿ ಹಾಲವ್ವನ ಎದುರಿಗೆ ನಿಂತಿರಲಿಲ್ಲ. ರಿಯಾಜ ಚಪ್ಪಲಿ ಮೆಟ್ಟಿಕೊಂಡು ಹೋದ.

ಅಷ್ಟರಲ್ಲಿ ಒಬ್ಬ ತಾಯಿ ಜ್ವರದಿಂದ ಕಾದ ಕೂಸನ್ನು ತಂದು ಮೇಜಿನ ಮೇಲೆ ಮಲಗಿಸಿದಳು. ಕೂಸಿನ ಪಕ್ಕೆಲುಬು ಉಸಿರಿಗೆ ಒಳಕ್ಕೆ ಹೋಗುತ್ತಿತ್ತು. ವಿದ್ಯಾಶ್ರೀ ಅದರ ಎದೆಗೆ ಕಿವಿಗೊಟ್ಟಳು, ಎಣಿಸಿದಳು, ಆಕ್ಸಿಜನ್ ತರಲು ಹೇಳಿದಳು. ನಡುವೆ ಒಂದು ಸಲ ಕಿಟಕಿಯಿಂದ ನೋಡಿದಾಗ ಗಂಡಹೆಂಡತಿ ಅಂಗಡಿಯ ಬಾಕಿನ ಮೇಲೆ ಕುಳಿತಿದ್ದರು. ರಿಯಾಜನ ಕೈಯಲ್ಲಿ ಚಹಾದ ಲೋಟವಿತ್ತು, ಕುಡಿಯದೆ ಹಿಡಿದಿದ್ದ. ಹಾಲವ್ವ ಅವನ ಎದುರಿಗೆ ನಿಂತು ಅವನ ಕೈಯ ಪಟ್ಟಿಯನ್ನು ನೋಡುತ್ತ ಏನೋ ಕೇಳುತ್ತಿದ್ದಳು.

ಗಾಡಿಯಲ್ಲಿ ಬೇಡಿಕೊಂಡದ್ದನ್ನು ಅವನು ಹೇಳಿದನೋ ಇಲ್ಲವೋ ವಿದ್ಯಾಶ್ರೀಗೆ ತಿಳಿಯಲಿಲ್ಲ. ಕೂಸಿನ ತುಟಿಯ ಬಣ್ಣ ತಿರುಗುತ್ತಿತ್ತು. ಇದನ್ನು ಶಿಗ್ಗಾಂವಿಗೆ ಒಯ್ಯಬೇಕು ಎಂದು ರಹಿಮಾಬಿ ಮೆಲ್ಲಗೆ ಅಂದಳು. ಆಮೇಲೆ ವಿದ್ಯಾಶ್ರೀಯ ಮುಖ ನೋಡಿ, ನೀವು ಹೋಗುತ್ತೀರೋ, ಇಲ್ಲಿಯೇ ಇರುತ್ತೀರೋ ಎಂದು ಕೇಳಿದಳು. ಹೊರಗೆ ಕಟ್ಟೆಯ ಮೇಲೆ ಮಂದಿ ಕುಳಿತಿದ್ದರು. ಡ್ರೈವರ ಆಗಲೇ ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದ್ದ. ವಿದ್ಯಾಶ್ರೀ ಕೂಸನ್ನು ಎತ್ತಿ ಎದೆಗೆ ಅವಚಿಕೊಂಡು ಬಾಗಿಲ ತನಕ ಬಂದಳು, ಅಲ್ಲಿ ನಿಂತಳು.